ಹೆಸರಿಟ್ಟು ಕರೆಯುವ ಕ್ರಮ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಗೋಡೆ, ಗೋಪುರ, ಗಂಟೆಗಳ ಚರಿತ್ರೆಯನ್ನು ನಮಗಿಂತ ಬಲ್ಲವರು ಸೊಗಸಾಗಿ ನಿರೂಪಿಸಿದ್ದಾರೆ. ನಮಗೆ ವಹಿಸಿಕೊಟ್ಟ ವಿಷಯವು ನೋಡುವುದಕ್ಕೆ ಚಿಕ್ಕದು. ಆದರೆ ಇಲ್ಲಿ ಕುಳಿತಿರುವ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕ್ರೈಸ್ತರಾದ ನಾವು ನಮ್ಮ ಮಕ್ಕಳಿಗೆ ಯಾವ ಹೆಸರನ್ನಿಡುತ್ತೇವೆ, ಏಕೆ ಇಡುತ್ತೇವೆ, ಮುಂದೆ ಯಾವುದನ್ನಿಡುವುದು ಉಚಿತ ಎಂಬುದೇ ಆ ವಿಷಯ.

ಧರ್ಮಕೇಂದ್ರವೊಂದರಲ್ಲಿ ಬಲಿಪೀಠದ ತರುವಾಯ ಅತ್ಯಂತ ಜೋಪಾನವಾಗಿ ಕಾಯಬೇಕಾದ ವಸ್ತು ಜ್ಞಾನಸ್ನಾನದ ದಾಖಲೆ ಪುಸ್ತಕ. ಧರ್ಮಸಭೆಯ ಕಾನೂನು ಸಂಹಿತೆಯ 877ನೆಯ ವಿಧಿಯಂತೆ ಜ್ಞಾನಸ್ನಾನ ಪಡೆದವರ ಹೆಸರು, ತಂದೆತಾಯಿಗಳ ಹೆಸರು, ಜ್ಞಾನ ತಂದೆತಾಯಿಗಳ ಹೆಸರು, ಸಂಸ್ಕಾರವನ್ನು ನೀಡಿದ ಗುರುಗಳ ಹೆಸರು, ದಿನಾಂಕ ಮತ್ತು ಸ್ಥಳ ಇವೆಲ್ಲವನ್ನೂ ವಿಚಾರಣಾ ಗುರುಗಳು ತಡಮಾಡದೆ ಅದರಲ್ಲಿ ಬರೆಯಬೇಕು. 535ನೆಯ ವಿಧಿಯಂತೆ ಅದೇ ಹೆಸರಿನ ಎದುರಿಗೆ ಮುಂದೆ ದೃಢೀಕರಣವೂ ವಿವಾಹವೂ ಗುರುದೀಕ್ಷೆಯೂ ದಾಖಲಾಗುತ್ತವೆ. ಹೀಗೆ ಒಬ್ಬ ವಿಶ್ವಾಸಿಯ ಇಡೀ ಬಾಳು ಆ ಒಂದು ಸಾಲಿನ ಸುತ್ತ ಬೆಳೆಯುತ್ತದೆ. ಆ ಪುಸ್ತಕದಲ್ಲಿ ಗೌಡರ ಮಗುವಿಗೆ ದೊಡ್ಡ ಅಕ್ಷರವಿಲ್ಲ, ಕೂಲಿಯವರ ಮಗುವಿಗೆ ಚಿಕ್ಕ ಅಕ್ಷರವಿಲ್ಲ. ಪ್ರಾಣಾಪಾಯದ ಸಮಯದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂಬ ನಿಯಮವಿರುವುದರಿಂದ, ಸೂಲಗಿತ್ತಿಯ ಕೈಯಲ್ಲಿ ನೀರೆರೆಸಿಕೊಂಡು ಕೆಲವೇ ಗಳಿಗೆ ಬದುಕಿದ ಕೂಸಿಗೂ ಅಲ್ಲಿ ಒಂದು ಸಾಲು ಸಲ್ಲುತ್ತದೆ. ಲೋಕವು ಮರೆತ ಮಗುವನ್ನು ಧರ್ಮಸಭೆಯು ಹೆಸರಿನಿಂದ ನೆನೆಯುತ್ತದೆ. ಹೆಸರಿನ ಮಹತ್ವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಪವಿತ್ರ ಗ್ರಂಥದಲ್ಲಿ ಹೆಸರೆಂದರೆ ಕರೆಯುವ ಸದ್ದು ಮಾತ್ರವಲ್ಲವೆಂಬುದನ್ನು ತಾವೆಲ್ಲ ಬಲ್ಲಿರಿ. ದೇವರು ಅಬ್ರಾಮನನ್ನು ಕರೆದು ಅಬ್ರಹಾಮನನ್ನಾಗಿ ಮಾಡಿದರು. ಯೋನನ ಮಗ ಸಿಮೋನನು ಬಂಡೆಯೆಂಬ ಅರ್ಥದ ಪೇತ್ರನಾದನು. ನಮ್ಮ ಪ್ರಭುವಿನ ಹೆಸರಿಗೆ ದೇವರು ರಕ್ಷಿಸುತ್ತಾರೆ ಎಂಬ ಅರ್ಥವಿದೆ. ಸಂತ ಲೂಕರು ಬರೆದ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವಂತೂ ನಮ್ಮ ಊರಿನ ತೊಟ್ಟಿಲ ಕಾರ್ಯವನ್ನೇ ಕಣ್ಣಿಗೆ ಕಟ್ಟಿಸುತ್ತದೆ. ಎಂಟನೆಯ ದಿನ ನೆರೆಹೊರೆಯವರೂ ಬಂಧುಗಳೂ ಕೂಡಿ ಮಗುವಿಗೆ ತಂದೆಯ ಹೆಸರಾದ ಜೆಕರೀಯ ಎಂಬುದನ್ನೇ ಇಡಬೇಕೆಂದು ಹಟ ಹಿಡಿಯುತ್ತಾರೆ. ತಾಯಿ ಎಲಿಜಬೇತಳು ಒಪ್ಪುವುದಿಲ್ಲ. ನಿಮ್ಮ ಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವರು ಆಕ್ಷೇಪಿಸುತ್ತಾರೆ. ಕೊನೆಗೆ ಮಾತು ನಿಂತುಹೋಗಿದ್ದ ತಂದೆಯು ಹಲಗೆಯ ಮೇಲೆ ಯೊವಾನ್ನ ಎಂದು ಬರೆದುಕೊಡುತ್ತಾನೆ. ಬಳಗದ ಹೆಸರನ್ನು ಉಳಿಸುವುದೋ, ದೇವರು ಕೊಟ್ಟ ಹೊಸ ಹೆಸರನ್ನು ಹಿಡಿಯುವುದೋ ಎಂಬ ಈ ಜಗ್ಗಾಟ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಇಂದಿಗೂ ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರು ಒಂದು ಹೆಸರನ್ನೂ ಮಗ ಸೊಸೆಯರು ಇನ್ನೊಂದನ್ನೂ ಹಿಡಿದು ಕೂಡುವುದು ಅದೇ ಜಗ್ಗಾಟದ ಮುಂದುವರಿಕೆ.

ಇನ್ನು ನಮ್ಮ ಸೀಮೆಯ ಹೆಸರಿನ ಪದ್ಧತಿಯನ್ನು ನೋಡೋಣ. ಘಟಪ್ರಭೆ, ಹಿರಣ್ಯಕೇಶಿಗಳ ದಂಡೆಯ ಈ ನಾಡಿನಲ್ಲಿ ಗಂಡಿನ ಹೆಸರಿನ ಕೊನೆಗೆ ಅಪ್ಪ, ಹೆಣ್ಣಿನ ಹೆಸರಿನ ಕೊನೆಗೆ ಅವ್ವ ಸೇರುವುದು ವಾಡಿಕೆ. ಬಸಪ್ಪ, ಮಲ್ಲಪ್ಪ, ಸಿದ್ದಪ್ಪ, ಯಲ್ಲವ್ವ, ಲಕ್ಕವ್ವ ಎಂಬ ಹೆಸರುಗಳು ಓಣಿ ಓಣಿಗೂ ಉಂಟು. ತೊಟ್ಟಿಲಲ್ಲಿರುವ ಕೂಸನ್ನೇ ಅಪ್ಪಾ, ಅವ್ವಾ ಎಂದು ಹಿರಿಯರನ್ನು ಕರೆದಂತೆ ಕರೆಯುವುದು ಕನ್ನಡಿಗರ ದೊಡ್ಡ ಗುಣ. ಮಹಾರಾಷ್ಟ್ರದ ನೆರೆಯಿಂದಾಗಿ ಬಾಯಿ, ರಾವ್, ಸಾಹೇಬ ಎಂಬ ಒಡಲುಗಳೂ ಇಲ್ಲಿ ಬೇರುಬಿಟ್ಟಿವೆ. ಮುಂಬಯಿ ಪ್ರಾಂತದ ಕಾಲದ ರೂಢಿಯಂತೆ ಮೊದಲು ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು ಬರುತ್ತದೆ.

ಈ ಮನೆತನದ ಹೆಸರುಗಳ ಸ್ವಾರಸ್ಯವೇ ಬೇರೆ. ಕಸುಬಿನಿಂದ ಬಂದವು ಕೆಲವು: ಕಂಬಾರ, ಕುಂಬಾರ, ಬಡಿಗೇರ, ಪತ್ತಾರ, ಹೂಗಾರ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಚಂದ್ರಶೇಖರ ಕಂಬಾರರು ಕುಲುಮೆಯ ಹೆಸರನ್ನು ದೇಶದ ಉದ್ದಗಲಕ್ಕೂ ಕೊಂಡೊಯ್ದರು. ವ್ಯಾಪಾರದ ಸರಕಿನಿಂದ ಬಂದವು ಕೆಲವು: ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ. ಗೋಕಾಕ ತಾಲೂಕಿನ ಮಲಾಮರಡಿಯವರಾದ ಬಸವರಾಜ ಕಟ್ಟೀಮನಿಯವರ ಹೆಸರಿನಲ್ಲಿ ಮನೆಯ ಗುರುತಿದೆ. ಅದೇ ತಾಲೂಕಿನ ಬೆಟಗೇರಿ ಕೃಷ್ಣಶರ್ಮರ ಹೆಸರಿನ ಮುಂದೆ ಅವರ ಹುಟ್ಟೂರು ನಿಂತಿದೆ. ಜನಪದ ಗಾಯನದಿಂದ ನಾಡನ್ನು ತಣಿಸಿದ ಹುಕ್ಕೇರಿ ಬಾಳಪ್ಪನವರು ಮುರಗೋಡದವರಾದರೂ ಅವರ ಮನೆತನದ ಹೆಸರಿನಲ್ಲಿ ನಮ್ಮ ಹುಕ್ಕೇರಿ ಕುಳಿತಿದೆ. ಒಂದು ಹೆಸರನ್ನು ಬಿಡಿಸಿ ನೋಡಿದರೆ ಊರು, ಕಸುಬು, ವಂಶ, ದೇವರು ನಾಲ್ಕೂ ಕಾಣಸಿಗುತ್ತವೆ.

ಹೆಸರಿಡುವ ಕಾರ್ಯವೂ ಇಲ್ಲಿ ಸಂಭ್ರಮದ್ದು. ಹೆಂಗಳೆಯರು ಕೂಡಿ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ. ಸೋದರತ್ತೆಯು ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರನ್ನು ಉಸುರುತ್ತಾಳೆ. ಉಳಿದವರು ಆಕೆಯ ಬೆನ್ನಿಗೆ ಗುದ್ದಿ ನಗುತ್ತಾರೆ. ಬಂದವರಿಗೆ ಗುಗ್ಗರಿ ಹಂಚುತ್ತಾರೆ. ಮದುವೆಯಾಗಿ ಬಂದ ಸೊಸೆಗೆ ಹೊಸ ಹೆಸರನ್ನಿಡುವ ರೂಢಿಯೂ ಹಲವು ಮನೆತನಗಳಲ್ಲಿ ಇತ್ತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಗೃಹಿಣಿಯು ಶುಭಕಾರ್ಯಗಳಲ್ಲಿ ಒಡಪು ಕಟ್ಟಿ, ನಾಲ್ಕು ಸಾಲಿನ ನಡುವೆ ಆ ಹೆಸರನ್ನು ನಾಜೂಕಾಗಿ ಇಟ್ಟು ಹೇಳುತ್ತಾಳೆ. ಹೆಸರಿಗೆ ಶಕ್ತಿಯಿದೆ, ಅದನ್ನು ಕಂಡಕಂಡಲ್ಲಿ ಚೆಲ್ಲಬಾರದು ಎಂಬ ಪೂರ್ವಿಕರ ನಂಬಿಕೆಯೇ ಇದರ ಮೂಲ.

ಅದೇ ನಂಬಿಕೆಯಿಂದ ಹುಟ್ಟಿದ ಇನ್ನೊಂದು ಬಗೆಯ ಹೆಸರುಗಳಿವೆ. ಅವುಗಳನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಕಣ್ಣು ಮುಚ್ಚಿದಾಗ, ಮುಂದಿನ ಕೂಸನ್ನು ಮೃತ್ಯುವಿನ ದೃಷ್ಟಿಯಿಂದ ಮರೆಮಾಡಲೆಂದು ತಿಪ್ಪಣ್ಣ, ತಿಪ್ಪವ್ವ, ತಿರಕಪ್ಪ ಎಂದು ಹೀನಾರ್ಥದ ಹೆಸರನ್ನಿಡುತ್ತಿದ್ದರು. ತಿಪ್ಪೆಯ ಕಸವನ್ನು ಯಾರೂ ಕದಿಯರು ಎಂಬ ಆಸೆ ಅದರಲ್ಲಿತ್ತು. ಬಾಳಿ ಉಳಿಯಲೆಂದು ಬಾಳಪ್ಪ, ಬಾಳವ್ವ ಎಂದರು. ಅವು ತಾಯ್ತಂದೆಯರ ಕಣ್ಣೀರಿನ ಹೆಸರುಗಳು. ಅವುಗಳನ್ನು ನಗೆಗೀಡುಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಹೆಣ್ಣುಮಕ್ಕಳು ಹೆಚ್ಚಾದವೆಂದು ಇಟ್ಟ ಸಾಕವ್ವ ಎಂಬ ಹೆಸರಿನ ಮಾತು ಬೇರೆ. ಆ ಹೆಸರನ್ನು ಹೊತ್ತ ಮಗಳು ತಾನು ಬೇಡವಾಗಿ ಬಂದವಳೆಂಬುದನ್ನು ಜೀವಮಾನವಿಡೀ ಪ್ರತಿ ಕರೆಯಲ್ಲಿಯೂ ಕೇಳಬೇಕಾಗುತ್ತದೆ. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಬೇಡದವಳು ಎಂಬರ್ಥದ ನಕುಶಾ, ನಕುಶಿ ಎಂಬ ಹೆಸರನ್ನು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ 2011ರಲ್ಲಿ ಜಿಲ್ಲಾಡಳಿತವು ಸಭೆ ಕೂಡಿಸಿ ಹೊಸ ಹೆಸರುಗಳನ್ನು ಕೊಡಿಸಿತು. ಸರಕಾರವೇ ಮುಂದೆ ನಿಂತು ಮಾಡಿದ ಆ ಕೆಲಸವನ್ನು ಜ್ಞಾನಸ್ನಾನದ ತೊಟ್ಟಿಯು ಸದ್ದಿಲ್ಲದೆ ಪ್ರತಿ ಮಗುವಿಗೂ ಮಾಡಬೇಕು. ಯಾವ ಮಗುವೂ ದೇವರಿಗೆ ಸಾಕಾದುದಲ್ಲ, ಬೇಡವಾದುದಲ್ಲ ಎಂಬುದೇ ನಮ್ಮ ನಾಮಕರಣದ ಮೊದಲನೆಯ ತತ್ತ್ವ.

ಈಗ ಧರ್ಮಸಭೆಯ ನಿಯಮದ ಕಡೆಗೆ ತಿರುಗೋಣ. ಕ್ರೈಸ್ತನಾದವನು ಪರದೇಶದ ಹೆಸರನ್ನೇ ಇಟ್ಟುಕೊಳ್ಳಬೇಕೆಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಆದಿಸಭೆಯ ಕ್ರೈಸ್ತರು ತಮ್ಮ ನಾಡಿನ ಹೆಸರುಗಳನ್ನೇ ಉಳಿಸಿಕೊಂಡರು. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದಲ್ಲಿ ಸ್ಮರಿಸುವ ಫೆಬೆ ಎಂಬಾಕೆಯ ಹೆಸರು ಗ್ರೀಕರ ದೇವತೆಯೊಬ್ಬಳದು. ದಿಯೊನಿಸಿಯ ಎಂಬುದು ಗ್ರೀಕರ ದ್ರಾಕ್ಷಾರಸದ ದೇವರ ಹೆಸರಿನಿಂದಲೂ ಮಾರ್ಟಿನ್ ಎಂಬುದು ರೋಮನ್ನರ ಯುದ್ಧದೇವರಾದ ಮಾರ್ಸ್‌ನ ಹೆಸರಿನಿಂದಲೂ ಬಂದವು. ಇಂದು ಅವು ಸಂತರ ಹೆಸರುಗಳೆಂದು ಪೂಜ್ಯವಾಗಿವೆ. ಹೆಸರು ಮನುಷ್ಯನನ್ನು ಸಂತನನ್ನಾಗಿ ಮಾಡಲಿಲ್ಲ. ಸಂತನಾಗಿ ಬಾಳಿದವನು ಹೆಸರನ್ನು ಪಾವನಗೊಳಿಸಿದನು.

ತ್ರೆಂತ್ ಮಹಾಸಭೆಯ ತರುವಾಯ 1566ರಲ್ಲಿ ಹೊರಬಂದ ರೋಮನ್ ಧರ್ಮೋಪದೇಶ ಗ್ರಂಥವು ಮಗುವಿಗೆ ಸಂತರೊಬ್ಬರ ಹೆಸರನ್ನಿಡಬೇಕೆಂದು ಬೋಧಿಸಿತು. ಆ ಸಂತರ ನಡತೆಯನ್ನು ಅನುಸರಿಸಲಿ, ಅವರ ಆಶ್ರಯವನ್ನು ಬೇಡಲಿ ಎಂಬುದು ಅದರ ಉದ್ದೇಶ. 1917ರ ಕಾನೂನು ಸಂಹಿತೆಯ 761ನೆಯ ವಿಧಿಯು ಇದನ್ನೇ ಮುಂದುವರಿಸಿತು. ಆದರೂ ತಂದೆತಾಯಿಗಳು ಬೇರೆ ಹೆಸರನ್ನೇ ಬಯಸಿದರೆ ಗುರುಗಳು ಅದರೊಡನೆ ಸಂತರ ಹೆಸರೊಂದನ್ನು ಸೇರಿಸಿ ಎರಡನ್ನೂ ಪುಸ್ತಕದಲ್ಲಿ ಬರೆಯಲಿ ಎಂದು ಅದು ದಾರಿ ತೋರಿಸಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ 1983ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯ 855ನೆಯ ವಿಧಿಯು ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಇಡದಂತೆ ತಂದೆತಾಯಿಗಳು, ಜ್ಞಾನ ತಂದೆತಾಯಿಗಳು ಮತ್ತು ವಿಚಾರಣಾ ಗುರುಗಳು ಎಚ್ಚರ ವಹಿಸಬೇಕೆಂದು ಮಾತ್ರ ಹೇಳುತ್ತದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಸಂತರ ಹೆಸರಲ್ಲದೆ ಕ್ರೈಸ್ತ ರಹಸ್ಯವನ್ನಾಗಲಿ ಸದ್ಗುಣವನ್ನಾಗಲಿ ಸೂಚಿಸುವ ಹೆಸರೂ ಸಲ್ಲುತ್ತದೆಂದು ಸ್ಪಷ್ಟಪಡಿಸಿದೆ. ಆದುದರಿಂದ ಕೃಪಾ, ಕರುಣಾ, ಶಾಂತಿ, ಜ್ಯೋತಿ, ವಿಶ್ವಾಸ, ದಯಾನಂದ ಎಂಬ ಹೆಸರುಗಳಿಗೆ ದೇವಾಲಯದ ಬಾಗಿಲು ಅಗಲವಾಗಿ ತೆರೆದಿದೆ.

ನಮ್ಮ ನಾಡಿಗೆ ಕ್ರೈಸ್ತ ಹೆಸರುಗಳು ಒಂದೇ ಹಾದಿಯಲ್ಲಿ ಬರಲಿಲ್ಲ. ಮೊದಲನೆಯದು ಗೋವೆಯ ಹಾದಿ. ಪೋರ್ತುಗೀಸರ ಆಳ್ವಿಕೆಯಲ್ಲಿ ಜ್ಞಾನಸ್ನಾನ ಪಡೆದವರಿಗೆ ಹೊಸ ಹೆಸರಿನೊಡನೆ ಮನೆತನದ ಹೆಸರೂ ದೊರೆಯುತ್ತಿತ್ತು. ಹಲವು ವೇಳೆ ಜ್ಞಾನ ತಂದೆಯ ಅಥವಾ ಗುರುವಿನ ಹೆಸರೇ ಅದಾಗಿರುತ್ತಿತ್ತು. ಲೋಬೊ ಎಂದರೆ ತೋಳ, ಪಿರೇರಾ ಎಂದರೆ ಪೇರುಹಣ್ಣಿನ ಜಾತಿಯ ಒಂದು ಮರ, ಕರ್ವಾಲ್ಯೊ ಎಂದರೆ ಓಕ್ ಮರ ಎಂಬುದನ್ನು ಆ ಹೆಸರಿನವರೇ ಎಷ್ಟೋ ಮಂದಿ ಅರಿಯರು. ಅದೇ ಹೆಸರುಗಳು ಕೊಂಕಣಿಗರ ನಾಲಗೆಯ ಮೇಲೆ ಮನೆಯ ರೂಪ ತಾಳಿದವು: ಪೇತ್ರನು ಪೆದ್ರು, ಯೊವಾನ್ನನು ಜುವಾಂವ್, ಇಗ್ನಾಸಿಯು ಇನಾಸ್, ಸೆಬಾಸ್ಟಿಯನನು ಬಸ್ತ್ಯಾಂವ್ ಆದನು. 1953ರಲ್ಲಿ ಸ್ಥಾಪಿತವಾದ ನಮ್ಮ ಬೆಳಗಾವಿ ಧರ್ಮಕ್ಷೇತ್ರದಲ್ಲಿ ಈ ಹಾದಿಯ ಹೆಸರುಗಳು ಬಹಳ.

ಎರಡನೆಯದು ತಮಿಳುನಾಡಿನಿಂದ ಮೈಸೂರು ಸೀಮೆಗೆ ಹರಿದುಬಂದ ಅನುವಾದದ ಹಾದಿ. ಅಲ್ಲಿಯ ಗುರುಗಳು ಹೆಸರನ್ನು ಹೊತ್ತು ತರಲಿಲ್ಲ, ಅದರ ಅರ್ಥವನ್ನು ತಂದರು. ಪೌಲ ಎಂದರೆ ಲ್ಯಾಟಿನ್ ನುಡಿಯಲ್ಲಿ ಚಿಕ್ಕವನು. ಹೀಗಾಗಿ ಸಂತ ಪೌಲರು ಚಿನ್ನಪ್ಪನವರಾದರು. ಸಂತ ಪೇತ್ರರು ರಾಯಪ್ಪನವರಾದರು. ಯೊವಾನ್ನ ಎಂದರೆ ದೇವರ ಕೃಪೆ, ಕೃಪೆಗೆ ತಮಿಳಿನಲ್ಲಿ ಅರುಳ್, ಆದಕಾರಣ ಅರುಳಪ್ಪ. 1693ರಲ್ಲಿ ಓರಿಯೂರಿನಲ್ಲಿ ರಕ್ತಸಾಕ್ಷಿಯಾದ ಸಂತ ಜಾನ್ ದೆ ಬ್ರಿಟ್ಟೋ ಅರುಳಾನಂದರೆಂದು ಕರೆಯಿಸಿಕೊಂಡರು. 1745ರಲ್ಲಿ ಜ್ಞಾನಸ್ನಾನ ಪಡೆದ ನೀಲಕಂಠ ಪಿಳ್ಳೆಯವರಿಗೆ ಲಾಸರ ಎಂಬ ಹೆಸರಿನ ಅರ್ಥವನ್ನೇ ಹಿಡಿದು ದೇವಸಹಾಯ ಎಂದು ಹೆಸರಿಟ್ಟರು. 2022ರ ಮೇ 15ರಂದು ಅವರು ಅದೇ ಹೆಸರಿನಿಂದ ಸಂತರೆಂದು ಘೋಷಿತರಾದರು. ದೇಶೀಯ ಹೆಸರು ಬಲಿಪೀಠದ ಗೌರವಕ್ಕೆ ಸಲ್ಲುವುದೋ ಎಂದು ಸಂಶಯಿಸುವವರಿಗೆ ರೋಮಾಪುರಿಯೇ ಕೊಟ್ಟ ಉತ್ತರವಿದು. ಬೆಂಗಳೂರು, ಮೈಸೂರುಗಳ ಕಡೆಯ ಚೌರಪ್ಪ, ಇನ್ನಾಸಪ್ಪ, ಅಂತೋಣಪ್ಪ, ಮರಿಯಪ್ಪ, ಆರೋಗ್ಯಮ್ಮ, ಲೂರ್ದಮ್ಮ ಎಂಬ ಹೆಸರುಗಳೂ ಈ ಹಾದಿಯವೇ. ಚೌರಪ್ಪನೆಂದರೆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಎಂಬುದು ತಮಗೆ ತಿಳಿದಿದೆ.

ಈ ಹಾದಿಯು ನಮ್ಮ ಜಿಲ್ಲೆಗೂ ಬಂದು ತಲುಪಿತು. ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಸ್ನಾನಿಕ ಯೊವಾನ್ನರಿಗೆ ಅರ್ಪಿತವಾದ ದೇವಾಲಯವು ಸ್ನಾನಿಕ ಅರುಳಪ್ಪನವರ ವಿರಕ್ತಮಠವೆಂದು ಹೆಸರಾಗಿದೆ. ಕಾವಿಯುಟ್ಟ ಕಥೋಲಿಕ ಗುರುಗಳನ್ನು ಸುತ್ತಲಿನ ಜನರು ಸ್ವಾಮಿಗಳೆಂದೇ ಗೌರವಿಸಿದ್ದಾರೆ. ತಮಿಳಿನ ಅರುಳ್, ಕನ್ನಡದ ಅಪ್ಪ, ವೀರಶೈವರ ವಿರಕ್ತಮಠ ಮೂರೂ ಕೂಡಿ ಯೋರ್ದಾನಿನ ದಂಡೆಯ ಪ್ರವಾದಿಯೊಬ್ಬನನ್ನು ಮಲಪ್ರಭೆಯ ಸೀಮೆಯವನನ್ನಾಗಿ ಮಾಡಿದ ಪರಿ ವಿಚಾರಾರ್ಹವಾಗಿದೆ.

ಮೂರನೆಯದು ನಮ್ಮ ಸೋದರ ಸಭೆಯವರ ಹಾದಿ. ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ, ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರ ತಂದೆಯ ಹೆಸರು ದಾನಿಯೇಲಪ್ಪ. ಬೈಬಲ್ಲಿನ ಪ್ರವಾದಿಗೆ ಧಾರವಾಡದ ಅಪ್ಪ ಸೇರಿದ ಹೆಸರು ತಂದೆಯದು. ಅಚ್ಚ ಕನ್ನಡದ ಹೆಸರು ಮಗನದು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವು ಆ ಮಗನನ್ನು ಅರಸಿ ಬಂದಿತು. ಚನ್ನಪ್ಪನೆಂಬ ಹೆಸರಿನಿಂದ ಅವರ ಕ್ರೈಸ್ತ ವಿಶ್ವಾಸಕ್ಕೆ ಎಳ್ಳಷ್ಟೂ ಕುಂದು ಬರಲಿಲ್ಲ.

ಪರದೇಶದ ನಿದರ್ಶನವೊಂದನ್ನು ಇಲ್ಲಿ ಹೇಳುವುದು ಉಪಯುಕ್ತ. ಬಾಲ್ಟಿಕ್ ಸಮುದ್ರದ ತೀರದಲ್ಲಿ ಲಾತ್ವಿಯಾ ಎಂಬ ದೇಶವಿದೆ. ಜನಸಂಖ್ಯೆ ಇಪ್ಪತ್ತು ಲಕ್ಷಕ್ಕೂ ಕಡಿಮೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಅಲ್ಲಿಗೆ ಕ್ರೈಸ್ತ ಧರ್ಮವು ಬಂದಾಗ ಸಂತರ ಹೆಸರುಗಳೂ ಬಂದವು. ಆದರೆ ಆ ಜನರು ಅವುಗಳನ್ನು ತಮ್ಮ ನುಡಿಯ ಅಚ್ಚಿನಲ್ಲಿ ಎರಕ ಹೊಯ್ದರು. ಯೊವಾನ್ನನು ಯಾನಿಸ್, ಪೇತ್ರನು ಪೇತೆರಿಸ್, ಮಿಖಾಯೇಲನು ಮಿಕೆಲಿಸ್ ಆದರು. ಪರದೇಶದ ಗಂಡಸಿನ ಹೆಸರು ಅಲ್ಲಿಗೆ ಬಂದರೆ ಸಾಮಾನ್ಯವಾಗಿ ಅದರ ಕೊನೆಗೆ ತಮ್ಮ ಸಕಾರದ ಪ್ರತ್ಯಯವನ್ನು ಹಚ್ಚಿ ಬರೆಯುತ್ತಾರೆ; ನಾವು ದಾನಿಯೇಲನಿಗೆ ಅಪ್ಪ ಸೇರಿಸಿದಂತೆಯೇ ಅದು. ಅವರ ಪಂಚಾಂಗದಲ್ಲಿ ದಿನಕ್ಕೆ ಕೆಲವು ಹೆಸರುಗಳಂತೆ ಇಡೀ ವರ್ಷ ಹಂಚಿಕೆಯಾಗಿದೆ. ತನ್ನ ಹೆಸರಿನ ದಿನ ಬಂದಾಗ ಆ ವ್ಯಕ್ತಿಯ ಮನೆಗೆ ನೆಂಟರಿಷ್ಟರು ಕರೆಯದೆಯೇ ಬಂದು ಹರಸುತ್ತಾರೆ. ಪಂಚಾಂಗದಲ್ಲಿ ಹೆಸರಿಲ್ಲದವರು ಬೇಸರಪಡದಿರಲೆಂದು ಮೇ 22ನೆಯ ದಿನವನ್ನು ಅವರಿಗಾಗಿ ಮೀಸಲಿಟ್ಟಿದ್ದಾರೆ. ಸ್ನಾನಿಕ ಯೊವಾನ್ನರ ಜನನದ ಹಬ್ಬವಾದ ಜೂನ್ 24 ಅಲ್ಲಿ ಯಾನಿಸರ ದಿನ. ನಾಡಿಗೆ ನಾಡೇ ಹೂವಿನ, ಎಲೆಯ ಮುಕುಟ ಧರಿಸಿ ಬೆಂಕಿಯ ಸುತ್ತ ಹಾಡುತ್ತದೆ. ಮನೆತನದ ಹೆಸರುಗಳಲ್ಲಿಯೂ ಅವರು ನಮ್ಮಂತೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಜೀತಮುಕ್ತರಾದ ರೈತರು ಓಕ್ ಮರಕ್ಕೆ ಅವರ ನುಡಿಯಲ್ಲಿರುವ ಒಜೊಲ್ಸ್ ಎಂಬುದನ್ನು, ಕಂಬಾರನೆಂಬ ಅರ್ಥದ ಕಲೇಯ್ಸ್ ಎಂಬುದನ್ನು ತಮ್ಮ ಹೆಸರಾಗಿ ಆರಿಸಿಕೊಂಡರು. ಹಲವು ಪರರಾಜ್ಯಗಳ ಆಳ್ವಿಕೆಯ ಕೆಳಗೆ ಶತಮಾನಗಳನ್ನು ಕಳೆದರೂ ಆ ಚಿಕ್ಕ ಜನಾಂಗವು ತನ್ನ ನುಡಿಯನ್ನು ಉಳಿಸಿಕೊಂಡುದರಲ್ಲಿ ಈ ಹೆಸರುಗಳ ಪಾತ್ರವೂ ಸಣ್ಣದಲ್ಲ. ಸಂತರನ್ನು ಸ್ವೀಕರಿಸಿ ಭಾಷೆಯನ್ನು ಬಿಡದಿರುವುದು ಸಾಧ್ಯವೆಂಬುದನ್ನು ಅವರಿಂದ ನಾವು ಕಲಿಯಬಹುದು.

ಈ ಎಲ್ಲ ವಿಚಾರಗಳಿಂದ ನಮ್ಮ ಇಂದಿನ ಸ್ಥಿತಿಗೆ ಬರೋಣ. ನಮ್ಮಲ್ಲಿ ಎಷ್ಟೋ ಮಂದಿಗೆ ಎರಡು ಹೆಸರುಗಳು. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಹಿಂದೆ ಗುರುಗಳು ಲ್ಯಾಟಿನ್ ಅಥವಾ ಪೋರ್ತುಗೀಸ್ ನುಡಿಯಲ್ಲಿ ದಾಖಲೆ ಬರೆಯುತ್ತಿದ್ದ ಕಡೆಗಳಲ್ಲಿ ಮನೆಯ ಚಿನ್ನಪ್ಪನು ಪುಸ್ತಕದಲ್ಲಿ ಪಾವ್ಲುಸ್ ಆಗಿ ಕುಳಿತನು. ಮೊಮ್ಮಕ್ಕಳು ಹುಡುಕಿದರೆ ಅಜ್ಜನೇ ಸಿಗುವುದಿಲ್ಲ. ಇದಕ್ಕಿಂತ ಆಳವಾದ ಕಾರಣವೂ ಒಂದುಂಟು. ಅದನ್ನು ಮರೆಮಾಚುವುದು ಸರಿಯಲ್ಲ. ಪರಿಶಿಷ್ಟ ಜಾತಿಗಳ ಬಗೆಗೆ 1950ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶದ ಸೌಲಭ್ಯವು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಿಲ್ಲ. ಊರ ಹೊರಗಿನ ಕೇರಿಯ ಕಷ್ಟ ಜ್ಞಾನಸ್ನಾನದ ಮರುದಿನವೇ ತೀರುವುದಿಲ್ಲ. ಹೀಗಿರುವಾಗ ಮಗನ ಓದು, ಮಗಳ ನೌಕರಿಗಾಗಿ ಬಡ ಕುಟುಂಬವೊಂದು ಗುಡಿಯ ಹೆಸರನ್ನು ಗುಡಿಯಲ್ಲಿಯೇ ಬಿಟ್ಟು ಹೊರಗೆ ಇನ್ನೊಂದು ಹೆಸರಿನಿಂದ ಬಾಳಿದರೆ, ಅವರನ್ನು ಹಗುರವಾಗಿ ಆಡಿಕೊಳ್ಳುವುದು ಕ್ರೈಸ್ತ ಪ್ರೀತಿಯ ಲಕ್ಷಣವಲ್ಲ. ಅವರ ನ್ಯಾಯಕ್ಕಾಗಿ ದನಿಗೂಡಿಸುವುದು ನಮ್ಮ ಕರ್ತವ್ಯ.

ಇನ್ನೊಂದು ಕಡೆ ಅನುಕೂಲಸ್ಥರ ಮನೆಗಳಲ್ಲಿ ಬೇರೊಂದು ರೋಗ ತಲೆಯೆತ್ತಿದೆ. ಸಂತರೂ ಬೇಡ, ಅಜ್ಜಿಯೂ ಬೇಡ. ಅರ್ಥವಿರಲಿ ಬಿಡಲಿ, ಯಾರಿಗೂ ಇಲ್ಲದ ಸದ್ದೊಂದು ಇದ್ದರೆ ಸಾಕು ಎಂದು ಮೊಬೈಲಿನಲ್ಲಿ ಹುಡುಕಿದ ಹೆಸರುಗಳು ಬರುತ್ತಿವೆ. ಆ ಹೆಸರನ್ನು ಅಜ್ಜಿಗೆ ಉಚ್ಚರಿಸಲು ಬಾರದು. ಮಗುವಿಗೆ ಅದರ ಕಥೆ ಹೇಳಲು ಯಾರಿಗೂ ಬಾರದು. ಮರಿಯವ್ವ ಎಂಬ ಹೆಸರನ್ನು ಹಳ್ಳಿಯ ಹೆಸರೆಂದು ನಾಚಿಕೊಳ್ಳುವವರು, ದೇವಮಾತೆಯ ಹೆಸರಿಗೆ ನಮ್ಮ ತಾಯಂದಿರ ಹೆಸರೇ ಕೂಡಿಕೊಂಡ ಆ ಪದಕ್ಕಿಂತ ಮಿಗಿಲಾದ ಜಪಮಾಲೆಯನ್ನು ಎಲ್ಲಿಂದ ತಂದಾರು?

ಆದುದರಿಂದ ಶತಮಾನೋತ್ಸವದ ಈ ವರ್ಷದಲ್ಲಿ ಕೆಲವು ಸಲಹೆಗಳನ್ನು ತಮ್ಮ ಮುಂದಿಡಬಯಸುತ್ತೇವೆ.

ಮೊದಲನೆಯದಾಗಿ, ಮಗುವಿಗೆ ಒಂದೇ ಹೆಸರಿರಲಿ; ಜ್ಞಾನಸ್ನಾನದ ಪುಸ್ತಕದಲ್ಲಿಯೂ ಜನನ ಪ್ರಮಾಣಪತ್ರದಲ್ಲಿಯೂ ಅಕ್ಷರಕ್ಕೆ ಅಕ್ಷರ ಅದೇ ಇರಲಿ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆ ನೋಂದಾಯಿಸಿದ ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆಯೂ ಬಳಿಕ ಶುಲ್ಕ ತೆತ್ತು 15 ವರ್ಷಗಳ ತನಕವೂ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಅಂದಿನಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಸರಕಾರಿ ನೌಕರಿ ಮುಂತಾದವುಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ತೊಟ್ಟಿಲ ಕಾರ್ಯದ ಗಡಿಬಿಡಿಯಲ್ಲಿ ಇದನ್ನು ಮರೆತವರು ಮುಂದೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು.

ಎರಡನೆಯದಾಗಿ, ಸಂತರ ಹೆಸರನ್ನಿಡುವವರು ಆ ಸಂತರ ಚರಿತ್ರೆಯನ್ನು ಓದಿಕೊಳ್ಳಲಿ. ಜೋಸೆಫನೆಂದು ಕರೆದರೆ ಮಾರ್ಚ್ 19ರಂದು, ಅಂತೋಣಿಯೆಂದು ಕರೆದರೆ ಜೂನ್ 13ರಂದು, ಅನ್ನಳೆಂದು ಕರೆದರೆ ಜುಲೈ 26ರಂದು ಮನೆಯಲ್ಲಿ ಒಂದು ದೀಪ ಹಚ್ಚಿ, ಒಂದು ಪ್ರಾರ್ಥನೆ ಹೇಳಿ, ಮಗುವಿನ ಬಾಯಿಗೆ ಒಂದು ತುಂಡು ಕರದಂಟು ಇಡಲಿ. ಪಾದುವಾದ ಸಂತ ಅಂತೋಣಿಯವರೇ ಜ್ಞಾನಸ್ನಾನದಲ್ಲಿ ಫೆರ್ನಾಂದೊ ಎಂಬ ಹೆಸರನ್ನು ಪಡೆದು 1220ರಲ್ಲಿ ಸನ್ಯಾಸ ಸಭೆಯನ್ನು ಸೇರಿದಾಗ ಈ ಹೆಸರನ್ನು ತಾಳಿದರೆಂಬ ಕಥೆಯನ್ನು ಮಗುವಿಗೆ ಹೇಳಲಿ. ಕಥೆಯಿಲ್ಲದ ಹೆಸರು ಬೀಗದ ಕೈಯಿಲ್ಲದ ಪೆಟ್ಟಿಗೆಯಂತೆ.

ಮೂರನೆಯದಾಗಿ, ಕನ್ನಡದ ಹೆಸರನ್ನು ಬಯಸುವವರು ಯಾವ ಅಳುಕೂ ಇಲ್ಲದೆ ಇಡಲಿ. ಪರದೇಶದ ಹೆಸರು ಬಂದರೂ ಅದಕ್ಕೆ ನಮ್ಮ ಅಪ್ಪ, ಅವ್ವ ಸೇರಲಿ. ಅದನ್ನು ಕೇಳಿ ನೆರೆಯವರು ಇವರು ನಮ್ಮವರೇ ಎನ್ನಲಿ.

ನಾಲ್ಕನೆಯದಾಗಿ, ಜ್ಞಾನ ತಂದೆ, ಜ್ಞಾನ ತಾಯಂದಿರನ್ನು ಉಡುಗೊರೆಯ ದೃಷ್ಟಿಯಿಂದ ಆರಿಸದಿರಲಿ. ಸಂಹಿತೆಯು ಅವರಿಗೆ 16 ವರ್ಷ ತುಂಬಿರಬೇಕೆಂದೂ ಅವರು ವಿಶ್ವಾಸದಲ್ಲಿ ಬಾಳುವವರಾಗಿರಬೇಕೆಂದೂ ವಿಧಿಸುತ್ತದೆ. ಕೂಸಿನ ಕಿವಿಯಲ್ಲಿ ಹೆಸರನ್ನುಸುರುವ ಸೋದರತ್ತೆಯಂತೆ, ಆ ಹೆಸರಿನ ಭಾರವನ್ನು ಜೀವನವಿಡೀ ನೆನಪಿಸುವವರು ಅವರು.

ಕೊನೆಯದಾಗಿ, ನಮ್ಮ ಹಳೆಯ ದಾಖಲೆಗಳನ್ನು ಗೆದ್ದಲು, ತೇವಗಳಿಂದ ಕಾಪಾಡಿ, ಗುರುಗಳ ಅನುಮತಿಯೊಡನೆ ಅವುಗಳ ಪ್ರತಿಯನ್ನು ಮಾಡಿಡಬೇಕು. ಪ್ರತಿ ಕುಟುಂಬದ ಹಿರಿಯರು ಬದುಕಿರುವಾಗಲೇ ಅಜ್ಜ ಮುತ್ತಜ್ಜಂದಿರ ಮನೆಯ ಹೆಸರು ಯಾವುದು, ಪುಸ್ತಕದ ಹೆಸರು ಯಾವುದು ಎಂಬುದನ್ನು ಕೇಳಿ ಬರೆದಿಡಬೇಕು. ಅದರಲ್ಲಿಯೂ ಮದುವೆಯ ದಿನ ಹೆಸರು ಬದಲಾದ ಅಜ್ಜಿಯರ ತವರಿನ ಹೆಸರನ್ನು ತಪ್ಪದೆ ಕೇಳಬೇಕು. ಆ ಹೆಸರುಗಳನ್ನು ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಪ್ರಭುಗಳು ತಿಳಿಸಿದ್ದಾರೆ. ಕುರಿ ಕಾಯುವ ಕುಟುಂಬಗಳು ಬಹಳವಿರುವ ನಮ್ಮ ಸೀಮೆಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಟ್ಟಿಯಲ್ಲಿ ಎಣಿಕೆ ತಪ್ಪಬಹುದು; ಹೆಸರು ಹಿಡಿದು ಕರೆಯುವವನಿಗೆ ಒಂದು ಕುರಿ ತಪ್ಪಿದರೂ ತಿಳಿಯುತ್ತದೆ. ಮುಂದಿನ ನೂರು ವರ್ಷಗಳ ದಾಖಲೆ ಪುಸ್ತಕದ ಮೊದಲ ಪುಟ ಈಗ ತೆರೆದಿದೆ. ಅದರಲ್ಲಿ ಸಂತರ ಹೆಸರುಗಳೂ ಇರಲಿ, ಕನ್ನಡದ ಹೆಸರುಗಳೂ ಇರಲಿ. ಬೇಡವೆಂಬ ಅರ್ಥದ ಹೆಸರು ಒಂದೂ ಇಲ್ಲದಿರಲಿ. ಆ ಪುಟದಲ್ಲಿ ಬರೆಯಲ್ಪಡುವ ಪ್ರತಿಯೊಂದು ಮಗುವೂ ತನ್ನ ಹೆಸರಿಗೆ ತಕ್ಕಂತೆ ಬಾಳುವ ಕೃಪೆಯನ್ನು ಪಡೆಯಲೆಂದು ದೇವಮಾತೆಯ ಮೂಲಕ ಪ್ರಾರ್ಥಿಸುತ್ತೇವೆ.